ಹುಲಿಗೆಮ್ಮನ ಕಾಲಿಗೆ ಮೊದಲೇ ಗೊತ್ತಿತ್ತು

ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ರಸ್ತೆಯ ಬದಿಯಲ್ಲಿ, ತಗಡಿನ ಚಾವಣಿಯ ಗ್ಯಾರೇಜಿನ ಮುಂದೆ ಹಳೆಯ ಪಿಕಪ್ ಗಾಡಿಯೊಂದು ನಿಂತಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೊದಲ ಬಸ್ಸು ಈಗಷ್ಟೇ ಧೂಳೆಬ್ಬಿಸಿ ಹೋಗಿದೆ. ಡ್ರೈವರ್ ಸೀಟಿನಲ್ಲಿ ಕುಳಿತ ಹುಲಿಗೆಮ್ಮ ಚಪ್ಪಲಿ ಕಳಚಿ ಕೆಳಗೆ ಬಿಟ್ಟಿದ್ದಾರೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ. ಎಡಗಾಲನ್ನು ಕ್ಲಚ್ ಪೆಡಲ್ ಮೇಲಿಟ್ಟು ಕಣ್ಣು ಮುಚ್ಚಿದ್ದಾರೆ. ಗಾಡಿಯ ಅಡಿಗೆ ಗೋಣಿಚೀಲ ಹಾಸಿ ಮಲಗಿರುವ ಅವರ ಗಂಡ ದುರುಗಪ್ಪ ಅವರ ಪಾದಗಳೆರಡು ಮಾತ್ರ ಹೊರಗೆ ಕಾಣುತ್ತಿವೆ.

"ಹೊಡಿ" ಎನ್ನುತ್ತದೆ ಕೆಳಗಿನ ದನಿ.

ಹುಲಿಗೆಮ್ಮ ಪೆಡಲನ್ನು ಮೇಲಿಂದ ಮೇಲೆ ಒತ್ತುತ್ತಾರೆ. ಒತ್ತಿದಷ್ಟೂ ಅದು ಗಟ್ಟಿಯಾಗುತ್ತದೆ.

"ಹಿಡಿ."

"ಹಿಡ್ದೆ."

ಒತ್ತಿದ ಕಾಲು ಒತ್ತಿದಂತೆಯೇ ನಿಲ್ಲುತ್ತದೆ. ರಸ್ತೆಯಾಚೆ ಚಹಾದಂಗಡಿಯ ಸ್ಟೋವಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಪೆಡಲ್, ಕೆಸರಿನಲ್ಲಿ ಹೂತುಕೊಳ್ಳುವ ಗೂಟದಂತೆ, ಹೆಚ್ಚು ಒತ್ತದೆಯೇ ಮೆಲ್ಲಗೆ ಕೆಳಗಿಳಿದು ನೆಲದ ತಗಡಿಗೆ ತಾಗುತ್ತದೆ.

"ಇಳೀತೈತ್ರೀ" ಎನ್ನುತ್ತಾರೆ ಹುಲಿಗೆಮ್ಮ. "ಅವತ್ತಿನ ಹಂಗೇ."

ಇದೇ ಮಾತನ್ನು, ಇದೇ ಗಾಡಿಯ ಬಗ್ಗೆ, ಇದೇ ಸೀಟಿನಲ್ಲಿ ಕೂತು ಹುಲಿಗೆಮ್ಮ ಮೊದಲೊಮ್ಮೆ ಹೇಳಿದ್ದರು. ಕೇಳಬೇಕಾದವರು ಕೇಳಲಿಲ್ಲ. ಆ ದಿನಕ್ಕೂ ಈ ದಿನಕ್ಕೂ ನಡುವೆ ಗಾದ್ರಮ್ಮ ಎಂಬ ಕೂಲಿ ಹೆಣ್ಣುಮಗಳೊಬ್ಬರ ಕಾಲು ಮುರಿದಿದೆ. ಗಾಡಿ ಓಡಿಸುತ್ತಿದ್ದ ತಿಪ್ಪೇಶ್ ಎಂಬ ಯುವಕನ ತಲೆಗೆ ಆ ತಪ್ಪನ್ನು ಕಟ್ಟಿಯೂ ಆಗಿದೆ. ಇವತ್ತು ಹತ್ತು ಗಂಟೆಗೆ ಹಿರಿಯರು ಕೂತು ಅದಕ್ಕೆ ಮುದ್ರೆ ಒತ್ತಲಿದ್ದಾರೆ.

ಗ್ಯಾರೇಜಿನ ಬೋರ್ಡಿನ ಮೇಲೆ ದುರುಗಪ್ಪ ಅವರ ಹೆಸರಿದೆ, ಫೋನ್ ನಂಬರಿದೆ, ದೇವಿಯ ಚಿತ್ರವಿದೆ. ಹುಲಿಗೆಮ್ಮನ ಹೆಸರಿಲ್ಲ. ಸ್ಪ್ಯಾನರ್ ಹಿಡಿದು ಎದುರಿಗೇ ನಿಂತಿರುವ ಅವರನ್ನು ಗಾಡಿ ತಂದವರು "ಯಾರೂ ಇಲ್ವೇನಮ್ಮ?" ಎಂದು ಕೇಳುತ್ತಾರೆ. ಇಲ್ಲ ಎನ್ನಬೇಕೋ, ಇದ್ದೇನೆ ಎನ್ನಬೇಕೋ? ಹುಲಿಗೆಮ್ಮ ಎರಡನ್ನೂ ಹೇಳದೆ "ಏನಾಗೈತೆ ಗಾಡಿಗೆ?" ಎಂದು ತಿರುಗಿ ಕೇಳುವುದನ್ನು ರೂಢಿ ಮಾಡಿಕೊಂಡಿದ್ದಾರೆ.

ಅವರ ಕೆಲಸವೇನೆಂದು ತಿಳಿಯಲು ಗಾಡಿಯ ಒಳಗನ್ನು ಸ್ವಲ್ಪ ತಿಳಿಯಬೇಕು. ಗೇರ್ ಬದಲಿಸುವಾಗ ಎಂಜಿನ್ನಿಗೂ ಚಕ್ರಕ್ಕೂ ಇರುವ ನಂಟನ್ನು ಕ್ಲಚ್ ಬಿಡಿಸುತ್ತದೆ. ಕೆಲವು ಗಾಡಿಗಳಲ್ಲಿ ಈ ಬಿಡಿಸುವ ಕೆಲಸವನ್ನು ತಂತಿ ಮಾಡಿದರೆ ಇನ್ನು ಕೆಲವುಗಳಲ್ಲಿ ಎಣ್ಣೆ ಮಾಡುತ್ತದೆ. ಪೆಡಲ್ ಒತ್ತಿದಾಗ ಮೇಲಿನ ಸಿಲಿಂಡರಿನಲ್ಲಿರುವ ಎಣ್ಣೆ ಸಣ್ಣ ಪೈಪಿನೊಳಗೆ ನುಗ್ಗಿ, ಗೇರ್ ಬಾಕ್ಸಿನ ಪಕ್ಕದಲ್ಲಿರುವ ಕೆಳಗಿನ ಸಿಲಿಂಡರನ್ನು ತಳ್ಳುತ್ತದೆ. ಎಣ್ಣೆ ಸೋರಿದರೆ, ಇಲ್ಲವೇ ಒಳಗಿನ ರಬ್ಬರ್ ವಾಷರ್ ಸವೆದರೆ, ಆ ಒತ್ತಡ ಉಳಿಯುವುದಿಲ್ಲ. ಡ್ರೈವರ್ ಕಾಲು ಒತ್ತಿಕೊಂಡೇ ಇರುತ್ತಾನೆ. ಬಿಡಿಸಿದ ನಂಟು ಮತ್ತೆ ಕೂಡಿಕೊಂಡು, ಗೇರಿನಲ್ಲಿರುವ ಗಾಡಿ ಹೊರಟುಬಿಡುತ್ತದೆ.

ಇಂಥ ಕ್ಲಚ್ಚಿನ ಕೆಲಸವನ್ನು ಒಬ್ಬರೇ ಮಾಡಲಾಗದು. ಒಬ್ಬರು ಕೆಳಗೆ ಮಲಗಿ ಸ್ಕ್ರೂ ಬಿಚ್ಚಿ ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಗೆ ಬಿಡಬೇಕು, ಇನ್ನೊಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಭಜನೆಯಲ್ಲಿ ಮುಂದಿನವರು ಎತ್ತಿದ ಸೊಲ್ಲನ್ನು ಹಿಂದಿನವರು ಹಿಡಿಯುವಂತೆ ಇದು ನಡೆಯುತ್ತದೆ: ಹೊಡಿ, ಹಿಡಿ, ಹಿಡ್ದೆ, ಬಿಡು. ಸ್ಕ್ರೂ ಬಿಚ್ಚಿರುವಾಗ ಮೇಲಿನವರು ಮರೆತು ಕಾಲು ಎತ್ತಿದರೆ ಹೊರಹೋದ ಗಾಳಿ ಮತ್ತೆ ಒಳಗೆ ಸೇರುತ್ತದೆ. ಆಗ ಎಲ್ಲವೂ ಮೊದಲಿನಿಂದ.

ಹುಲಿಗೆಮ್ಮ ಹುಟ್ಟಿದ್ದು ಜಗಳೂರು ಕಡೆಯ ಹಳ್ಳಿಯಲ್ಲಿ. ತವರಿನಲ್ಲಿ ಸೈಕಲ್ಲೂ ಇರಲಿಲ್ಲ. ಮದುವೆಯಾಗಿ ನ್ಯಾಮತಿಗೆ ಬಂದ ಹೊಸತರಲ್ಲಿ ಗಂಡನಿಗೆ ಊಟ ಕೊಡಲು ಗ್ಯಾರೇಜಿಗೆ ಬರುತ್ತಿದ್ದರು. ಜೊತೆಗಿದ್ದ ಕೆಲಸಗಾರ ಟ್ರ್ಯಾಕ್ಟರ್ ಅಂಗಡಿ ಸೇರಿಕೊಂಡ ದಿನ, ಬುತ್ತಿ ಇಳಿಸಿ ಹೊರಟವರನ್ನು ದುರುಗಪ್ಪ "ಒಂದು ಗಳಿಗೆ ಹತ್ತಿ ಕೂತ್ಕೋ" ಎಂದರು. ಆ ಗಳಿಗೆ ಇನ್ನೂ ಮುಗಿದಿಲ್ಲ. ಅವರ ಮಗಳು ಆಗ ಹಾಲು ಕುಡಿಯುವ ಕೂಸು, ಈಗ ಕಾಲೇಜಿಗೆ ಹೋಗುತ್ತಾಳೆ.

"ಮೊದಲ್ನೇ ದಿನ ಬ್ರೇಕು, ಕ್ಲಚ್ಚು ಎರಡೂ ಒತ್ತಿ, ಸ್ಟೀರಿಂಗ್ ತಬ್ಬಿಕೊಂಡು ಕೂತಿದ್ಲು" ಎಂದು ದುರುಗಪ್ಪ ನಗುತ್ತಾರೆ. "ಎಂಜಿನ್ ಆಫ್ ಐತೆ ಕಣೇ ಅಂದ್ರೂ ನಂಬ್ಲಿಲ್ಲ."

"ನೀವು ಅಡಿಗೆ ಮಲಗಿದ್ರಲ್ಲ, ಅದಕ್ಕೆ ಹೆದ್ರಿದ್ದೆ" ಎನ್ನುತ್ತಾರೆ ಹುಲಿಗೆಮ್ಮ. "ಈಗಾಗಿದ್ರೆ ಹೆದರ್ತಿರಲಿಲ್ಲ ಬಿಡ್ರಿ."

ಬರಿಗಾಲಿನಲ್ಲಿ ಒತ್ತುವುದು ಅವರೇ ಕಂಡುಕೊಂಡ ಪದ್ಧತಿ. ದೇವಸ್ಥಾನಕ್ಕೆ ಹೋದ ಹಾಗೆ ಚಪ್ಪಲಿ ಬಿಡ್ತೀಯಲ್ಲಮ್ಮ ಎಂದು ಗಿರಾಕಿಗಳು ರೇಗಿಸುತ್ತಾರೆ. ಅದಕ್ಕೆ ಅವರ ಉತ್ತರ ಒಂದೇ: "ಚಪ್ಪಲಿ ಹಾಕ್ಕೊಂಡು ಒತ್ತಿದ್ರೆ ಚಪ್ಪಲಿಗೆ ಗೊತ್ತಾಗ್ತೈತೆ. ನಂಗೆ ಹೆಂಗೆ ಗೊತ್ತಾಗ್ಬೇಕು?" ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ಗಟ್ಟಿಯಾಗಿ ನಿಂತು ಆಮೇಲೆ ಮೆಲ್ಲಗೆ ಇಳಿದರೆ ಮೇಲಿನ ಸಿಲಿಂಡರಿನ ವಾಷರ್ ಒತ್ತಡ ಹಿಡಿಯುತ್ತಿಲ್ಲ. ಅವರ ಅಂಗಾಲಿಗೆ ಇದೆಲ್ಲ, ಕೊಡ ತುಂಬಿದ್ದು ಸದ್ದಿನಲ್ಲೇ ತಿಳಿಯುವಂತೆ, ತಿಳಿಯುತ್ತದೆ.

ಕೊಯ್ಲಿನ ಕಾಲದಲ್ಲಿ ಗ್ಯಾರೇಜು ಬೆಳಗಿನ ಚಹಾಕ್ಕೆ ಮೊದಲೇ ತೆರೆದು ದೀಪ ಹಚ್ಚುವ ಹೊತ್ತಿಗೆ ಮುಚ್ಚುತ್ತದೆ. ಬಿಚ್ಚಿದ ಸಾಮಾನು ತೊಳೆಯುವುದು, ಬೋಲ್ಟುಗಳನ್ನು ಬಿಚ್ಚಿದ ಸಾಲಿನಲ್ಲೇ ಜೋಡಿಸಿಡುವುದು, ಕ್ಲಚ್ಚು ಬ್ರೇಕುಗಳ ಪೆಡಲ್ ಒತ್ತುವುದು, ನಡುವೆ ಮನೆಗೆ ಓಡಿ ಅನ್ನಕ್ಕೆ ಇಡುವುದು, ಎಲ್ಲವೂ ಹುಲಿಗೆಮ್ಮನದೇ. ಎಣ್ಣೆ ತಾಗಿ ತಾಗಿ ಬೆರಳ ತುದಿಯ ಚರ್ಮ ಸುಲಿದಿದೆ. ರಾತ್ರಿ ಮಲಗಿದರೆ ಎಡಗಾಲಿನ ಮೀನಖಂಡ ಸೆಟೆದುಕೊಳ್ಳುತ್ತದೆ. ಗ್ಯಾರೇಜು ಕೆಲಸಗಾರರ ಹೆಸರು ಬರೆದುಕೊಳ್ಳಲು ಒಮ್ಮೆ ಸರ್ಕಾರಿ ಕಚೇರಿಯಿಂದ ಇಬ್ಬರು ಬಂದಿದ್ದರು. ದುರುಗಪ್ಪನ ಹೆಸರಿನ ಮುಂದೆ ಮೆಕ್ಯಾನಿಕ್ ಎಂದು ಬರೆದರು, ಹುಲಿಗೆಮ್ಮನ ಹೆಸರಿನ ಮುಂದೆ ಗೃಹಿಣಿ ಎಂದು ಬರೆದರು. ಸಹಿ ಮಾಡುವ ಮೊದಲು ಆ ಗೃಹಿಣಿ ಮೊಣಕೈವರೆಗಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಬರಬೇಕಾಯಿತು. ಅವರಿಬ್ಬರೂ ಅಲ್ಲಿಯವರೆಗೆ ಕಾದಿದ್ದರು. ಕಣ್ಣಿದ್ದವರೇ.

ಇನ್ನು ಈ ಗಾಡಿಯ ಕಥೆ.

ಪಿಕಪ್ಪಿನ ಮಾಲೀಕರು ಗುರುಬಸವರಾಜ್. ಅವರು ಖೇಣಿದಾರರು, ಅಂದರೆ ಅಡಿಕೆ ಫಸಲನ್ನು ಮರದ ಮೇಲಿರುವಾಗಲೇ ಕೊಂಡು, ಕೊಯ್ಯಿಸಿ, ಸಾಸ್ವೆಹಳ್ಳಿ ಸಮೀಪದ ತಮ್ಮ ಶೆಡ್ಡಿನಲ್ಲಿ ಸುಲಿಸಿ, ಬೇಯಿಸಿ, ಚನ್ನಗಿರಿಗೆ ಸಾಗಿಸುವವರು. ಬೆಳಿಗ್ಗೆ ಈ ಗಾಡಿ ನ್ಯಾಮತಿಯಿಂದ ಅಡಿಕೆ ಸುಲಿಯುವ ಹೆಂಗಸರನ್ನು ಹೊತ್ತೊಯ್ಯುತ್ತದೆ. ಸರಕು ಹೇರಲು ಮಾಡಿದ ಗಾಡಿಯ ಹಿಂಬದಿಯಲ್ಲಿ, ಸರಕಿನಂತೆಯೇ, ಒಬ್ಬರ ಭುಜ ಒಬ್ಬರು ಹಿಡಿದು ನಿಂತ ಹೆಂಗಸರು. ನಿತ್ಯವೂ ಈ ಮೆರವಣಿಗೆ ಊರ ನಡುವೆಯೇ ಹೋಗುತ್ತದೆ. ನೋಡಿಲ್ಲ ಎನ್ನುವವರು ಯಾರೂ ಇಲ್ಲ, ಕೇಳುವವರೂ ಇಲ್ಲ.

ಇದೇ ಗಾಡಿಯಲ್ಲಿ ಚೊಗರೂ ಹೋಗುತ್ತದೆ. ಅಡಿಕೆ ಬೇಯಿಸಿದಾಗ ಉಳಿಯುವ ಕಂದು ಬಣ್ಣದ ಮಂದ ರಸವೇ ಚೊಗರು. ಅದನ್ನು ಕ್ಯಾನಿಗೆ ತುಂಬಿ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಒಯ್ಯುವಾಗ, ಹಿಂದೆ ಉರುಳೀತೆಂದು, ಡ್ರೈವರ್ ಕ್ಯಾಬಿನ್ನಿನಲ್ಲೇ ಇಡುತ್ತಾರೆ. ಹಳ್ಳದಲ್ಲಿ ಗಾಡಿ ಹಾರಿದಾಗಲೆಲ್ಲ ಅದು ತುಳುಕುತ್ತದೆ. ಹಾಗಾಗಿ ಕಾಲಡಿಯ ಮ್ಯಾಟು ವರ್ಷವಿಡೀ ಕಂದು, ವರ್ಷವಿಡೀ ಒದ್ದೆ. ಈ ಸೀಮೆಯ ಅಡಿಕೆ ಗಾಡಿಗಳಲ್ಲಿ ಒದ್ದೆ ಮ್ಯಾಟು ಕಂಡರೆ ಯಾರೂ ಬಗ್ಗಿ ನೋಡುವುದಿಲ್ಲ.

ದೀಪಾವಳಿ ಕಳೆದ ವಾರ ತಿಪ್ಪೇಶ್ ಗಾಡಿ ತಂದು ಗೇರ್ ಬೀಳುತ್ತಿಲ್ಲ ಎಂದರು. ಪಕ್ಕದ ಸೀಟಿನಲ್ಲಿ ಗುರುಬಸವರಾಜ್ ಇದ್ದರು. ದುರುಗಪ್ಪ ಸಾಮಾನು ತರಲು ದಾವಣಗೆರೆಗೆ ಹೋಗಿದ್ದರು. ಹುಲಿಗೆಮ್ಮ ಚಪ್ಪಲಿ ಬಿಟ್ಟು ಹತ್ತಿದರು, ಒತ್ತಿದರು, ಹಿಡಿದರು. ಪೆಡಲ್ ಇಳಿಯಿತು. ಇಳಿದು ಬಂದು ಮ್ಯಾಟು ಎತ್ತಿದರು. ಪೆಡಲಿನ ನೇರಕ್ಕೆ, ಸಿಲಿಂಡರಿನ ಕಡ್ಡಿ ಹೊರಬರುವ ಜಾಗದಿಂದ ಒಂದು ತೆಳುವಾದ ಧಾರೆ ಇಳಿದಿತ್ತು.

"ಸಾವ್ಕಾರ್ರೆ, ಕ್ಲಚ್ ಆಯಿಲ್ ಸೋರೈತೆ. ಗಾಡಿ ಇಲ್ಲೇ ಬಿಟ್ಟು ಹೋಗ್ರಿ. ಸಂಜಿಗೆ ಅವ್ರು ಬರ್ತಾರೆ."

"ಅದು ಚೊಗರು ಕಣಮ್ಮ. ನಮ್ಮ ಗಾಡಿ ತುಂಬ ಚೊಗರೇ."

"ಚೊಗರಾಗಿದ್ರೆ ಬೆರಳಿಗೆ ಅಂಟ್ತಿತ್ತು. ಇದು ಜಾರ್ತೈತೆ. ಚೊಗರು ಬಣ್ಣ ಹಚ್ತೈತೆ, ಇದು ಬಣ್ಣ ಕೀಳ್ತೈತೆ. ಇಲ್ಲಿ ನೋಡ್ರಿ, ಪೇಂಟು ಹೆಂಗೆ ಎದ್ದೈತೆ."

ಎಣ್ಣೆ ಹರಿದ ಕಡೆಯೆಲ್ಲ ತಗಡಿನ ಬಣ್ಣ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಗುಳ್ಳೆಯೆದ್ದು ಕಳಚಿಕೊಂಡಿತ್ತು. ಗುರುಬಸವರಾಜ್ ನೋಡಿದರು. ನೋಡಿ ನಕ್ಕರು.

"ಸಾರಿಗೆ ಉಪ್ಪು ನೋಡಿದಂಗೆ ಗಾಡಿ ನೋಡ್ತೀಯಲ್ಲಮ್ಮ. ಆಯಿಲ್ ಕಮ್ಮಿ ಆಗಿರ್ತೈತೆ, ಹಾಕು. ಅಲ್ಲಿ ಶೆಡ್ಡಾಗೆ ಕಾಯಿ ಬಿದ್ದೈತೆ, ಹೆಂಗಸ್ರು ದಾರಿ ಕಾಯ್ತಾ ಕೂತವ್ರೆ."

"ನಾ ಹಾಕಲ್ಲ. ಹಾಕಿದ್ರೆ ಸರಿ ಐತೆ ಅಂದಂಗೆ ಆಗ್ತೈತೆ."

ಕೊನೆಗೆ ಮಾಲೀಕರ ಮಾತಿನಂತೆ ತಿಪ್ಪೇಶ್ ತಾವೇ ಎಣ್ಣೆ ಸುರಿದು, ನಾಲ್ಕು ಸಲ ಪಟಪಟನೆ ಒತ್ತಿದರು. ಗಟ್ಟಿಯಾಯಿತು. ಈ ಕಾಯಿಲೆಯ ಮೋಸವೇ ಇದು: ಒತ್ತಿ ಬಿಟ್ಟರೆ ಗಟ್ಟಿ, ಒತ್ತಿ ಕಾದರೆ ಪೊಳ್ಳು. ಹೊರಟು ನಿಂತ ಗಾಡಿಯ ಕಿಟಕಿಗೆ ಕೈಯಿಟ್ಟು ಹುಲಿಗೆಮ್ಮ ಹೇಳಿದ್ದು ಇಷ್ಟು: "ತಿಪ್ಪೇಶ, ನಿಂತಾಗ ಕ್ಲಚ್ ನಂಬಿ ಗೇರಲ್ಲಿ ಇಟ್ಕಬ್ಯಾಡ ಕಣಪ್ಪ. ನ್ಯೂಟ್ರಲ್ ಮಾಡು."

ಅದಾಗಿ ಕೆಲವೇ ದಿನಕ್ಕೆ, ಶೆಡ್ಡಿನಲ್ಲಿ, ತಿಪ್ಪೇಶ್ ಗಾಡಿಯನ್ನು ಹಿಂದಕ್ಕೆ ತರುತ್ತಿದ್ದರು. ಗುರುಬಸವರಾಜ್ ಪಕ್ಕದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದರು. ಬೇಯಿಸುವ ಒಲೆಯ ಗೋಡೆ ಹತ್ತಿರ ಬಂದಾಗ "ನಿಲ್ಸು, ನಿಲ್ಸು, ಆ ಬುಟ್ಟಿ ತೆಗೀಲಿ, ಮತ್ತೆ ಬರುವಂತೆ" ಎಂದರು. ಮತ್ತೆ ಬರಬೇಕಲ್ಲ ಎಂದು ತಿಪ್ಪೇಶ್ ರಿವರ್ಸ್ ಗೇರನ್ನು ಬಿಡಿಸಲಿಲ್ಲ, ಕ್ಲಚ್ ಒತ್ತಿ ಹಿಡಿದು ಕಾದರು. ಬುಟ್ಟಿ ತೆಗೆಯಲು ಗಾದ್ರಮ್ಮ ಗಾಡಿಗೂ ಗೋಡೆಗೂ ನಡುವೆ ಹೋದರು. ಅವರು ಬಗ್ಗಿದಾಗ ಗಾಡಿ ತಾನಾಗಿ ಹಿಂದೆ ಸರಿಯಿತು.

ಹೊನ್ನಾಳಿಯ ಆಸ್ಪತ್ರೆ, ಅಲ್ಲಿಂದ ದಾವಣಗೆರೆ, ಮೊಣಕಾಲ ಕೆಳಗಿನ ಮೂಳೆಗೆ ರಾಡು. ಗಾದ್ರಮ್ಮ ಈಗ ನ್ಯಾಮತಿಯ ತಮ್ಮ ಮನೆಯಲ್ಲಿ ಮಲಗಿದ್ದಾರೆ. ಕುಕ್ಕರಗಾಲಲ್ಲಿ ಕೂತು ದಿನವಿಡೀ ಅಡಿಕೆ ಸುಲಿದು ಮನೆ ನಡೆಸುತ್ತಿದ್ದ ಹೆಂಗಸು. ಇನ್ನು ಹಾಗೆ ಕೂರಲು ಆಗುವುದೋ ಇಲ್ಲವೋ ಎಂಬುದನ್ನು ಡಾಕ್ಟರೂ ಹೇಳಿಲ್ಲ.

ಗುರುಬಸವರಾಜ್ ಹೇಳುವುದು: "ಹುಡುಗ ಮೈಮರೆತು ಕ್ಲಚ್ ಬಿಟ್ಟ." ತಿಪ್ಪೇಶ್ ಹೇಳುವುದು: "ಕಾಲು ತೆಗ್ದೇ ಇಲ್ಲ. ಹಿಡ್ದೇ ಇದ್ದೆ. ಅದೇ ಹೋಯ್ತು." ಯಾರ ಮಾತು ನಿಂತಿತೆಂದು ಹೇಳಬೇಕಾಗಿಲ್ಲ. ಕೇಸು ಬೇಡ, ಕೂತು ಬಗೆಹರಿಸೋಣ ಎಂದು ಮುಂದೆ ಬಂದವರು ಊರಿನ ಹಿರಿಯರಾದ ಮರುಳಪ್ಪ. ಅವರೂ ಶೆಡ್ಡಿಗೆ ಹೋಗಿ, ಗಾಡಿ ಹತ್ತಿ, ಪೆಡಲನ್ನು ಒಮ್ಮೆ ಒತ್ತಿ ಬಿಟ್ಟು "ಗಟ್ಟಿ ಐತಲ್ಲ" ಎಂದರು. ಅಲ್ಲಿಗೆ ಮುಗಿಯಿತು. ತಪ್ಪು ತಿಪ್ಪೇಶನದೆಂದಾದರೆ ಆಸ್ಪತ್ರೆಯ ಖರ್ಚೆಲ್ಲ ಅವರ ಮೇಲೆ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೆಂಗಸಿನ ಕಾಲು ಮುರಿದ ಡ್ರೈವರ್ ಎಂದು ಹೆಸರಾದವನ ಕೈಗೆ ನ್ಯಾಮತಿಯಲ್ಲಾಗಲಿ ಬಸವಾಪಟ್ಟಣದಲ್ಲಾಗಲಿ ಯಾರೂ ಸ್ಟೀರಿಂಗ್ ಕೊಡುವುದಿಲ್ಲ. ಅವರಿಗೆ ಗೊತ್ತಿರುವ ಕೆಲಸ ಅದೊಂದೇ.

ಸುದ್ದಿ ಕೇಳಿದ ದಿನವೇ ಹುಲಿಗೆಮ್ಮ ಮರುಳಪ್ಪ ಅವರ ಮನೆಗೆ ನಡೆದುಹೋಗಿ, ತಾನು ಮೊದಲೇ ಹೇಳಿದ್ದನ್ನು ಹೇಳಿದ್ದರು. ಅಂಗಳದಲ್ಲಿ ನಿಲ್ಲಿಸಿಯೇ ಅವರು ಕೇಳಿದರು. "ದುರುಗಪ್ಪ ಅವತ್ತು ಊರಾಗೆ ಇರಲಿಲ್ಲವಂತಲ್ಲಮ್ಮ" ಎಂದರು. "ಇರಲಿಲ್ಲ. ನೋಡಿದ್ದು ನಾನು" ಎಂದರು ಹುಲಿಗೆಮ್ಮ. "ನಿಂಗೇನು ಗೊತ್ತಾಗ್ತೈತೆ ತಾಯಿ ಅದೆಲ್ಲ. ಹೋಗು" ಎಂದರು ಹಿರಿಯರು.

ಈ ಮಾತನ್ನು ಹೇಳುವಾಗ ಹುಲಿಗೆಮ್ಮನ ದನಿ ಏರುವುದಿಲ್ಲ, ಸ್ಪ್ಯಾನರ್ ಒರೆಸುವ ಕೈ ಮಾತ್ರ ನಿಲ್ಲುತ್ತದೆ. "ಗಾಡಿ ಸಾವ್ಕಾರ್ರದು. ಆಯಿಲ್ ಹಾಕಿ ಓಡ್ಸು ಅಂದಿದ್ದು ಸಾವ್ಕಾರ್ರು. ನಿಲ್ಸು, ಮತ್ತೆ ಬರುವಂತೆ ಅಂದಿದ್ದೂ ಅವ್ರೇ. ತಪ್ಪು ಮಾತ್ರ ಹುಡುಗಂದು. ನ್ಯೂಟ್ರಲ್ ಮಾಡಲಿಲ್ಲ, ಅದು ಅವನ ತಪ್ಪು, ಅವನ ಮುಖಕ್ಕೇ ಹೇಳಿದೀನಿ. ಆದ್ರೆ ಕಾಲು ತೆಗ್ದ ಅನ್ನೋದು ಸುಳ್ಳು. ಆ ಪೆಡಲ್ಲು ಯಾರ ಕಾಲಿಗೂ ನಿಲ್ಲಲ್ಲ."

ಇಷ್ಟಾದ ಮೇಲೆ ಗಾಡಿ ನಿನ್ನೆ ಸಂಜೆ, ಸಭೆಗೆ ಮೊದಲು ಕ್ಲಚ್ ಗಟ್ಟಿ ಮಾಡಿಸಲೆಂದು, ಮಾಲೀಕರ ಕಡೆಯಿಂದ ಇದೇ ಗ್ಯಾರೇಜಿಗೆ ಬಂದಿದೆ.

ಬಿಸಿಲು ರಸ್ತೆಗೆ ಇಳಿಯುವ ಹೊತ್ತಿಗೆ ಗುರುಬಸವರಾಜ್ ಬೈಕಿನಲ್ಲಿ ಬರುತ್ತಾರೆ, ಹಿಂದೆ ಮರುಳಪ್ಪ. ತಿಪ್ಪೇಶ್ ಆಗಲೇ ಬಂದು ಚಹಾದಂಗಡಿಯ ಕಂಬಕ್ಕೆ ಒರಗಿ ನಿಂತಿದ್ದಾರೆ. ಗಾಡಿಯಡಿಯಿಂದ ಹೊರಬಂದ ದುರುಗಪ್ಪ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ಕೆಳಗಿನ ಸಿಲಿಂಡರ್ ಒಣಗೈತೆ, ಪೈಪೂ ಒಣಗೈತೆ. ಸೋರ್ತಿರೋದು ಮೇಲಿಂದು. ಬಿಚ್ಚಬೇಕು."

"ಬಿಚ್ಚೋದು ಆಮೇಲೆ" ಎನ್ನುತ್ತಾರೆ ಗುರುಬಸವರಾಜ್. "ಈಗ ಆಯಿಲ್ ಹಾಕಿ ಏರ್ ತೆಗೆದು ಕೊಡು. ಹಿರಿಯರೆಲ್ಲ ಒತ್ತಿ ನೋಡ್ಲಿ, ಗಟ್ಟಿ ಐತೋ ಇಲ್ವೋ ಅಂತ."

ದುರುಗಪ್ಪ ಹೆಂಡತಿಯ ಕಡೆ ನೋಡುತ್ತಾರೆ. ಈ ಮಾಲೀಕರ ಗಾಡಿಗಳು, ಅವರ ನೆಂಟರ ಗಾಡಿಗಳು ಬರದೆ ಹೋದರೆ ಗ್ಯಾರೇಜಿನ ಕೆಲಸದಲ್ಲಿ ಅರ್ಧ ಉಳಿಯುವುದಿಲ್ಲ. ಅದು ಇಬ್ಬರಿಗೂ ಗೊತ್ತು. ಹುಲಿಗೆಮ್ಮ ಸೀಟಿನಿಂದ ಇಳಿದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ.

"ಯಾಕೆ ಇಳಿದಿ?" ಎನ್ನುತ್ತಾರೆ ಗುರುಬಸವರಾಜ್.

"ನಾ ಒತ್ತಲ್ಲ. ನಿಂಗೇನು ಗೊತ್ತಾಗ್ತೈತೆ ಅಂದ್ರಲ್ಲ ಯಜಮಾನ್ರು. ಗೊತ್ತಿಲ್ದೋಳು ಯಾಕೆ ಒತ್ಬೇಕು?"

"ಹುಲಿಗಿ, ಹಟ ಬ್ಯಾಡ" ಎಂದು ದುರುಗಪ್ಪ ಪಿಸುಗುಟ್ಟುತ್ತಾರೆ.

"ಹಟ ಅಲ್ರೀ. ಗಾದ್ರಮ್ಮನ ಕಾಲು ನೋಡ್ಕೊಂಡು ಬಂದೀನಿ ನಾನು."

ತಿಪ್ಪೇಶ್ ಎರಡು ಹೆಜ್ಜೆ ಮುಂದೆ ಬಂದು "ನಾನು ಕೂರ್ಲೇನಕ್ಕ?" ಎಂದರೆ, "ನೀ ಮುಟ್ಟಬ್ಯಾಡ ಗಾಡೀನ" ಎಂದು ಗುರುಬಸವರಾಜ್ ತಡೆಯುತ್ತಾರೆ. ಕೈಗಡಿಯಾರ ನೋಡಿಕೊಳ್ಳುತ್ತಾರೆ. "ಇದೇನು ದೊಡ್ಡ ವಿದ್ಯೆನಾ? ಒತ್ತೋದು ತಾನೇ? ನಾನೇ ಒತ್ತುತೀನಿ, ನೀ ಹೋಗಪ್ಪ ಕೆಳಗೆ" ಎಂದು ಹತ್ತಿ ಕೂರುತ್ತಾರೆ. ಕಾಲಲ್ಲಿ ಬೂಟಿದೆ.

ದುರುಗಪ್ಪ ಮತ್ತೆ ಗೋಣಿಚೀಲದ ಮೇಲೆ ಮಲಗುತ್ತಾರೆ.

"ಹೊಡೀರಿ."

ಪಟಪಟನೆ ನಾಲ್ಕು ಸಲ.

"ಹಿಡೀರಿ."

"ಹಿಡ್ದೀನಿ."

ಗಾಡಿಯಡಿಯಲ್ಲಿ ಸದ್ದಿಲ್ಲ. ಮರುಳಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತಾರೆ. ಗುರುಬಸವರಾಜ್ ಕೆಳಗೆ ಬಗ್ಗಿ ತಮ್ಮ ಬೂಟನ್ನೇ ನೋಡುತ್ತಾರೆ.

"ಬಿಟ್ಯೇನಪ್ಪ ಸ್ಕ್ರೂನ?"

"ಇಲ್ಲ ಸಾವ್ಕಾರ್ರೆ. ಇನ್ನೂ ಮುಟ್ಟಿಲ್ಲ."

"ಮತ್ತೆ ಇದು ಕೆಳಗೆ ಹೋಗ್ತೈತಲ್ಲ?"

"ಕಾಲು ತೆಗೆದಿರೇನೋ ನೋಡ್ರಿ."

"ಎಲ್ಲಿ ತೆಗ್ದೆ? ಹಿಡ್ದೇ ಇದೀನಿ ಕಣಯ್ಯ. ಅದೇ ಹೋಗ್ತೈತೆ."

ಹೇಳಿದ ಮೇಲೆ ಅವರಿಗೇ ಕೇಳಿಸಿತು. ಚಹಾದಂಗಡಿಯವರಿಗೂ ಕೇಳಿಸಿತು. ತಿಪ್ಪೇಶ್ ತಲೆ ತಗ್ಗಿಸಿ ನಿಂತುಬಿಡುತ್ತಾರೆ. ಗಾಡಿಯಡಿಯಲ್ಲಿ ದುರುಗಪ್ಪ ಎರಡೂ ಕೈಗಳನ್ನು ಎದೆಯ ಮೇಲೆ ಮಡಚಿಟ್ಟುಕೊಂಡು ಮಲಗಿದ್ದಾರೆ. ಸ್ಪ್ಯಾನರ್ ದೂರದಲ್ಲಿ ನೆಲದ ಮೇಲಿದೆ.

"ಇಳೀರಿ ಕೆಳಗೆ" ಎನ್ನುತ್ತಾರೆ ಮರುಳಪ್ಪ. ಪಂಚೆ ಎತ್ತಿಕಟ್ಟಿ ತಾವೇ ಹತ್ತಿ ಕೂರುತ್ತಾರೆ. ಒತ್ತಿ ಬಿಡುತ್ತಾರೆ, ಗಟ್ಟಿ ಇದೆ. ಮತ್ತೆ ಒತ್ತಿ ಬಿಡುತ್ತಾರೆ.

"ಬಿಡಬ್ಯಾಡ್ರಿ ಯಜಮಾನ್ರೆ" ಎನ್ನುತ್ತಾರೆ ಹುಲಿಗೆಮ್ಮ, ಬಾಗಿಲ ಹತ್ತಿರ ಬಂದು. "ಒತ್ತಿ ಕಾಯ್ರಿ. ಅವತ್ತೂ ನೀವು ಕಾಯಲಿಲ್ಲ."

ಅವರು ಕಾಯುತ್ತಾರೆ. ಪೆಡಲ್ ಹಿರಿಯರ ಕಾಲನ್ನೂ ಗೌರವಿಸುವುದಿಲ್ಲ. ಮೆಲ್ಲಗೆ ಇಳಿದು ತಗಡು ಮುಟ್ಟುತ್ತದೆ.

"ನಂಗೇನು ಗೊತ್ತಿತ್ತು ಹಿಂಗೆ ಅಂತ" ಎನ್ನುತ್ತಾರೆ ಗುರುಬಸವರಾಜ್.

"ಗೊತ್ತಿತ್ತು. ನಾ ಹೇಳಿದ್ದೆ" ಎನ್ನುತ್ತಾರೆ ಹುಲಿಗೆಮ್ಮ.

ಹತ್ತು ಗಂಟೆಯ ಸಭೆ ಗ್ಯಾರೇಜಿನ ಮುಂದೆಯೇ, ನಿಂತ ನಿಲುವಿನಲ್ಲೇ ಮುಗಿಯಿತು. ಗಾದ್ರಮ್ಮನ ಆಸ್ಪತ್ರೆ ಖರ್ಚು, ಅವರು ಎದ್ದು ಓಡಾಡುವವರೆಗಿನ ಕೂಲಿ, ಎರಡೂ ಮಾಲೀಕರದು ಎಂದರು ಮರುಳಪ್ಪ. ತಿಪ್ಪೇಶನ ಕೆಲಸ ತಿಪ್ಪೇಶನಿಗೇ. "ನ್ಯೂಟ್ರಲ್ ಮಾಡದೇ ಇದ್ದಿದ್ದಕ್ಕೆ?" ಎಂದು ಗುರುಬಸವರಾಜ್ ತೆಗೆದಾಗ ತಿಪ್ಪೇಶ್ ತಾವಾಗಿಯೇ, ಗಾದ್ರಮ್ಮನನ್ನು ಪ್ರತಿ ಸಲ ದಾವಣಗೆರೆಗೆ ತೋರಿಸಿಕೊಂಡು ಬರುವುದು ತನ್ನ ಹೊಣೆ ಎಂದರು. ಹೆಂಗಸರನ್ನು ಇನ್ನೂ ಸರಕಿನ ಗಾಡಿಯ ಹಿಂದೆ ನಿಲ್ಲಿಸಿಯೇ ಒಯ್ಯುವುದೋ ಎಂದು ಹುಲಿಗೆಮ್ಮ ಕೇಳಿದರು. ಅದಕ್ಕೆ ಮರುಳಪ್ಪ "ಅದು ಬೇರೆ ವಿಷಯ ತಾಯಿ" ಎಂದರು. ಬೇರೆ ವಿಷಯಗಳಿಗೆ ಸಭೆ ಸೇರುವುದು ಇನ್ನೊಂದು ಕಾಲು ಮುರಿದ ಮೇಲೆಯೇ ಇರಬೇಕು.

ಆಮೇಲೆ ಕೆಲಸ. ಮೇಲಿನ ಸಿಲಿಂಡರ್ ಬಿಚ್ಚಿ ಬಿಸಿಲಿಗೆ ಹಿಡಿದರೆ, ಒಳಗೋಡೆಯಲ್ಲಿ ತುಕ್ಕಿನ ಗುಳಿಗಳು. ರಬ್ಬರ್ ವಾಷರಿನ ಅಂಚು ಇಲಿ ಕಡಿದ ಹಾಗೆ ಹರಿದಿದೆ. ಬರೀ ವಾಷರ್ ಬದಲಿಸಿದರೆ ಆ ಗುಳಿಗಳು ಹೊಸದನ್ನೂ ಕೊರೆಯುತ್ತವೆ ಎಂದು ದುರುಗಪ್ಪ ಹೊಸ ಸಿಲಿಂಡರನ್ನೇ ಕೂರಿಸುತ್ತಾರೆ. ಪೈಪು ತೊಳೆದು ಎಣ್ಣೆ ತುಂಬುತ್ತಾರೆ. ಆಗ ಎಲ್ಲರೂ ಹುಲಿಗೆಮ್ಮನ ಕಡೆ ನೋಡುತ್ತಾರೆ. "ಕೂತ್ಕೋಮ್ಮ" ಎಂದವರು ಗುರುಬಸವರಾಜ್. ದನಿ ಸಣ್ಣದಾಗಿತ್ತು, ಆದರೂ ಎಂದರು.

ಹೊಡಿ. ಹಿಡಿ. ಹಿಡ್ದೆ. ಬಿಡು. ಸ್ಕ್ರೂವಿನ ಬಾಯಿಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು ಬಂದು ಬಂದು, ಕಡಿಮೆಯಾಗಿ, ನಿಂತು, ಕೊನೆಗೆ ಬರೀ ಎಣ್ಣೆ ಬರುತ್ತದೆ. ಸ್ಕ್ರೂ ಬಿಗಿದಾದ ಮೇಲೂ ಹುಲಿಗೆಮ್ಮ ಕಾಲು ತೆಗೆಯುವುದಿಲ್ಲ. ಕಣ್ಣು ಮುಚ್ಚಿ ಹಿಡಿದೇ ಇದ್ದಾರೆ. ಹೊನ್ನಾಳಿಯ ಬಸ್ಸೊಂದು ಬಂದು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಗುತ್ತದೆ. ಪೆಡಲ್ ನಿಂತಲ್ಲೇ ನಿಂತಿದೆ.

"ಈಗ ತಗೊಂಡು ಹೋಗ್ರಿ" ಎನ್ನುತ್ತಾರೆ.

ಹೊರಡುವಾಗ ಮರುಳಪ್ಪ ಗಂಡನ ಬೆನ್ನು ತಟ್ಟುತ್ತಾರೆ: "ಒಳ್ಳೆ ಪತ್ತೆ ಹಚ್ಚಿದೆ ಕಣಪ್ಪ ದುರುಗಪ್ಪ." ದುರುಗಪ್ಪ "ನಾನಲ್ಲ ಯಜಮಾನ್ರೆ, ಅವಳು. ನಾ ಅವತ್ತು ದಾವಣಗೆರೆಯಾಗೆ ಇದ್ದೆ" ಎನ್ನುತ್ತಾರೆ. ಅದನ್ನು ವಿನಯವೆಂದೇ ತಿಳಿದು ಹಿರಿಯರು ನಕ್ಕು, ಬೈಕಿನ ಹಿಂದೆ ಕೂತು ಹೋಗುತ್ತಾರೆ. ಊರು ಅದನ್ನೇ ಹೇಳಿಕೊಳ್ಳುತ್ತದೆ, ದುರುಗಪ್ಪ ಕಂಡುಹಿಡಿದ ಎಂದು. ಕಣ್ಣೆದುರು ನಡೆದದ್ದನ್ನು ಕೂಡ ಹೀಗೆ ತಿರುಗಿಸಿ ಹೇಳಬಲ್ಲ ಊರು, ಕಾಣದ್ದನ್ನು ಹೇಗೆ ಹೇಳೀತು?

ಹುಲಿಗೆಮ್ಮನಿಗೆ ಅದರ ಚಿಂತೆ ಇದ್ದಂತಿಲ್ಲ. ಮಧ್ಯಾಹ್ನಕ್ಕೆ ಇನ್ನೊಂದು ಗಾಡಿ ಬಂದು ನಿಂತಿದೆ. ಅದರ ಬ್ರೇಕು ಸರಿಯಿಲ್ಲ, ಮಾಲೀಕರಿಗೆ ಚನ್ನಗಿರಿಗೆ ಹೋಗುವ ಅವಸರ. ಇವತ್ತೊಂದು ದಿನ ಓಡಿಸಿಬಿಡುತ್ತೇನೆ ಎನ್ನುತ್ತಿದ್ದಾರೆ. ಹುಲಿಗೆಮ್ಮ ಅವರ ಮಾತು ಮುಗಿಯುವವರೆಗೆ ಕೇಳಿ, ಕಿಟಕಿಯೊಳಗೆ ಕೈಹಾಕಿ ಬೀಗದಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಮಾಲೀಕರು ಬೈಯುತ್ತಾ ಚಹಾದಂಗಡಿಯ ಕಡೆ ನಡೆಯುತ್ತಾರೆ.

"ಇನ್ಮೇಲೆ ನಾ ಬ್ಯಾಡ ಅಂದ ಗಾಡಿ ಇಲ್ಲಿಂದ ಹೊರಡಾಕಿಲ್ಲ" ಎನ್ನುತ್ತಾರೆ ಹುಲಿಗೆಮ್ಮ, ಜಾಕ್ ಎಳೆದು ತರುತ್ತಾ. "ಬೈದ್ರೆ ಬೈಲಿ. ಬೈಸ್ಕೊಂಡ್ರೆ ಯಾರ ಕಾಲೂ ಮುರಿಯಲ್ಲ."